ಗಿರಣಿ ನಿಂತ ದಿನದ ಷಡ್ಜ

ಕಾಗದದ ಗಿರಣಿ ಬಂದ್ ಇದ್ದ ದಿನ ನನಗೆ ಗಿರಣಿಯ ಸದ್ದು ಕೇಳಿಸಿತು. ನನ್ನ ಕಾಯಿಲೆಯ ಬಗ್ಗೆ ಕೇಳಿದವರಿಗೆಲ್ಲ ನಾನು ಇಲ್ಲಿಂದಲೇ ಶುರು ಮಾಡುತ್ತೇನೆ. ಹೆಂಡತಿ ಸುಮಂಗಲಾ ಪಕ್ಕದಲ್ಲಿದ್ದರೆ ತಡೆಯುತ್ತಾಳೆ.

"ಅದು ಶುರು ಅಲ್ಲರಿ. ಅದಕ್ಕೂ ಮೊದಲ ಎಷ್ಟೋ ಸಲ ಆಗಿತ್ತು. ಕೇಳಾಕ ಛಂದ ಅಂತ ನೀವು ಅಲ್ಲಿಂದ ಹೇಳ್ತೀರಿ."

ಆಕೆ ಹೇಳುವುದು ಸರಿ. ಆ ವರ್ಷದ ನನ್ನ ನೆನಪಿನಲ್ಲಿ ತೂತುಗಳಿವೆ. ಅವುಗಳ ಅಂಚನ್ನು ಎಳೆದು ಹೊಲಿಯುವ ಚಟ ನನಗೆ ಹತ್ತಿಬಿಟ್ಟಿದೆ. ಹೊಲಿಗೆ ನೀಟಾಗಿ ಬಂದಷ್ಟೂ ನನಗೇ ಅನುಮಾನ ಹೆಚ್ಚುತ್ತದೆ. ಹಾಗಾಗಿ ಇಲ್ಲಿ ನಾನು ಕಂಡದ್ದನ್ನು ಕಂಡೆ ಎಂದು ಬರೆಯುತ್ತೇನೆ, ಬೇರೆಯವರಿಂದ ತಿಳಿದದ್ದನ್ನು ಅವರ ಹೆಸರಿಗೇ ಬಿಡುತ್ತೇನೆ. ಎರಡೂ ಬೆರೆತುಹೋದ ಕಡೆ ಬೆರೆತಿದೆ ಎಂದು ಹೇಳಿಬಿಡುತ್ತೇನೆ.

ನಮ್ಮದು ದಾಂಡೇಲಿ. ಅಪ್ಪ ಧಾರವಾಡ ಜಿಲ್ಲೆಯಿಂದ ಗಿರಣಿ ಕೆಲಸಕ್ಕೆಂದು ಬಂದವರು. ನಾನು ಹುಟ್ಟಿದ್ದು ಕ್ವಾರ್ಟರ್ಸ್‌ನಲ್ಲಿ, ಈಗ ಇದೇ ಊರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಗಿರಣಿಯ ಗುಂಯ್ ಅನ್ನುವ ಸದ್ದು ನಮ್ಮಂಥವರಿಗೆ ಸದ್ದೇ ಅಲ್ಲ. ಅದು ಗೋಡೆಯ ಹಾಗೆ ಯಾವಾಗಲೂ ಇರುತ್ತದೆ. ಯಂತ್ರಗಳ ದುರಸ್ತಿಗೆಂದು ವರ್ಷಕ್ಕೊಮ್ಮೆ ಗಿರಣಿ ನಿಲ್ಲಿಸಿದಾಗ ಮಾತ್ರ ಏನೋ ಕಳೆದಂತಾಗಿ ಜನ ಒಬ್ಬರನ್ನೊಬ್ಬರು ನೋಡುತ್ತಾರೆ, ಮಾತಾಡುವ ದನಿ ತಾನಾಗಿ ತಗ್ಗುತ್ತದೆ.

ನಲವತ್ತು ದಾಟಿದ ಮೇಲೆ ನಾನು ಪಿಟೀಲು ಕಲಿಯಲು ಹೋದೆ. ಕಲಿಸುತ್ತಿದ್ದವರು ಕಲ್ಲಪ್ಪ ಮಾಸ್ತರರು. ಬೆಳಗಾವಿ ಕಡೆಯವರು, ಗಿರಣಿಯಿಂದ ನಿವೃತ್ತರಾಗಿ ಅದರ ಹತ್ತಿರವೇ ಮನೆ ಮಾಡಿಕೊಂಡಿದ್ದರು. ಅವರ ಮನೆಯಲ್ಲಿ ತಂಬೂರಿ ಇರಲಿಲ್ಲ. ಪಾಠ ಶುರುವಾಗುವ ಮೊದಲು ಗಿರಣಿ ಕಡೆಯ ಕಿಟಕಿ ತೆರೆಯುತ್ತಿದ್ದರು. ಒಳಗೆ ಬಂದ ಗುಂಯ್ ಸದ್ದೇ ನಮ್ಮ ಷಡ್ಜ. ಎಲ್ಲರೂ ತಂತಿಯನ್ನು ಅದಕ್ಕೇ ಕೂಡಿಸಬೇಕು.

ಮೊದಲ ದಿನ ತಂಬೂರಿ ಎಲ್ಲಿ ಎಂದು ಕೇಳಿದ್ದಕ್ಕೆ ಮಾಸ್ತರರು ನಕ್ಕರು. "ಅಷ್ಟ ದೊಡ್ಡ ತಂಬೂರಿ ಹಗಲೂ ರಾತ್ರಿ ನುಡಿಯಾಕತ್ತೈತಿ. ಮತ್ತೊಂದ ತಂದು ಎಲ್ಲಿ ಇಡಬೇಕ್ರಿ ಸರ?" ಗಿರಣಿ ನಿಂತ ದಿನಗಳಲ್ಲಿ ಅವರ ಪಾಠಕ್ಕೂ ರಜೆ. ಹಳಿಯಾಳಕ್ಕೆ ಭಜನೆಗೆ ಹೋದಾಗ ಅವರು ಕಣ್ಣು ಮುಚ್ಚಿ, ಗಿರಣಿಯನ್ನು ನೆನಪು ಮಾಡಿಕೊಂಡು ಶ್ರುತಿ ಹಿಡಿಯುತ್ತಿದ್ದರು.

ಇನ್ನೊಂದು ಪದ್ಧತಿಯೂ ಇತ್ತು. ಯಾವ ಶಿಷ್ಯನಿಗಾದರೂ ಇದ್ದಕ್ಕಿದ್ದಂತೆ ಒಂದು ಸ್ವರ ಸರಿಯಾಗಿ ಸಿಕ್ಕರೆ ಮಾಸ್ತರರು ಕೈ ಎತ್ತುತ್ತಿದ್ದರು. ಉಳಿದವರು ಕಮಾನು ಕೆಳಗಿಟ್ಟು ಸುಮ್ಮನಾಗಬೇಕು. "ಸೂರ ಹತ್ತಿದವನ್ನ ಕರೀಬಾರದು, ಮುಟ್ಟಬಾರದು" ಎನ್ನುತ್ತಿದ್ದರು. "ತಾನಾಗಿ ಇಳದು ಬರ್ಲಿ."

ಈ ಒಳ್ಳೆಯ ಪದ್ಧತಿ ನನ್ನ ಕಾಯಿಲೆಯನ್ನು ಎಷ್ಟೋ ತಿಂಗಳು ಬಚ್ಚಿಟ್ಟಿತು.

ನಾನು ದಡ್ಡ ಶಿಷ್ಯ. ವೀಣೆಯಲ್ಲಿರುವಂತೆ ಪಿಟೀಲಿನಲ್ಲಿ ಸ್ವರದ ಮನೆಗಳಿಲ್ಲ, ಬೆರಳು ಎಲ್ಲಿಡಬೇಕೆಂದು ಕಿವಿಯೇ ಹೇಳಬೇಕು. ನನ್ನ ಕಿವಿ ಏನನ್ನೂ ಹೇಳುತ್ತಿರಲಿಲ್ಲ. ಭೀಮಪಲಾಸಿ ರಾಗದ ಕೋಮಲ ಗಂಧಾರದಲ್ಲಿ ಸಿಕ್ಕಿಬಿದ್ದೆ. ಜೊತೆಗೆ ಕಲಿಯುತ್ತಿದ್ದವನು ಕಟ್ಟಿಗೆ ಡಿಪೋದ ಇಸ್ಮಾಯಿಲ್. "ಸರ್, ನಿಮ್ಮ ಗಂಧಾರ ಬಸ್ ಸ್ಟ್ಯಾಂಡಿನ ತನಕ ಬರ್ತೈತಿ, ಆಮ್ಯಾಲೆ ಏನ್ ನೆನಪಾಗ್ತೈತೋ ಏನೋ, ವಾಪಸ್ ಹೋಗ್ತೈತಿ" ಎಂದು ಕಾಡುತ್ತಿದ್ದ.

ಒಂದು ಮಧ್ಯಾಹ್ನ ಕಿಟಕಿಯಾಚೆಯ ಗುಂಯ್ ಸದ್ದು ದಪ್ಪವಾಯಿತು. ಜೋರಾಗಲಿಲ್ಲ. ಹತ್ತಿರ ಬಂತು, ನನ್ನ ಎಡಗಿವಿಯ ಹಿಂದೆ ಬಂದು ನಿಂತಿತು. ಕೋಣೆಯಲ್ಲಿದ್ದ ಹಂಡೆ, ಕ್ಯಾಲೆಂಡರು, ಇಸ್ಮಾಯಿಲನ ಮೊಣಕಾಲು, ಎಲ್ಲವೂ ಈಗ ಇರುವ ಜಾಗದಲ್ಲೇ ಇರಬೇಕಿತ್ತು ಎಂದು ತಿಳಿಯಿತು. ಯಾಕೆ ಎಂಬುದೂ ತಿಳಿಯಿತು. ಬೆರಳು ತಾನಾಗಿ ಹೋಗಿ ಗಂಧಾರದ ಮೇಲೆ ಕೂತಿತು. ಅದಕ್ಕೂ ಬೇರೆ ಜಾಗವಿರಲಿಲ್ಲ. ಮತ್ತೆ ನೋಡಿದಾಗ ಎಲ್ಲರೂ ಸುಮ್ಮನೆ ಕೂತು ನನ್ನನ್ನೇ ನೋಡುತ್ತಿದ್ದರು, ಮಾಸ್ತರರ ಕೈ ಇನ್ನೂ ಮೇಲಿತ್ತು.

"ಬಂತ ನೋಡು" ಎಂದರು ಮೆಲ್ಲಗೆ. ಅವರ ಕಣ್ಣು ಒದ್ದೆಯಾಗಿತ್ತು ಎಂದು ನನ್ನ ನೆನಪು. ಇಸ್ಮಾಯಿಲ್‌ಗೆ ಅಂಥದ್ದೇನೂ ನೆನಪಿಲ್ಲ.

ಆಮೇಲೆ ಅದು ಮತ್ತೆ ಮತ್ತೆ ಆಯಿತು. ಮೊದಲು ಪಾಠದಲ್ಲಿ ಮಾತ್ರ, ನಂತರ ಮನೆಯಲ್ಲಿ, ಶಾಲೆಯಲ್ಲಿ. ಪ್ರತಿ ಸಲವೂ ಸದ್ದು ಎಡಗಿವಿಯ ಹಿಂದೆ ಬಂದು ನಿಲ್ಲುತ್ತಿತ್ತು, ಎಲ್ಲ ತಿಳಿಯುತ್ತಿತ್ತು. ಕಲಿಯುವವರ ಜೀವನದಲ್ಲಿ ಇಂಥ ಗಳಿಗೆಗಳು ಬರುತ್ತವೆಂದು ಕೇಳಿದ್ದೆ. ನನಗೆ ತುಸು ಹೆಚ್ಚೇ ಬರುತ್ತಿವೆ ಎಂದು ಒಳಗೊಳಗೇ ಬೀಗಿದೆ.

ಪರೀಕ್ಷೆಯ ಕೆಲಸಕ್ಕೆಂದು ಜೋಯಿಡಾ ತಾಲೂಕಿನ ಕುಂಬಾರವಾಡಕ್ಕೆ ಹೋಗಿದ್ದೆ. ಅಲ್ಲಿ ಸುತ್ತ ಕಾಡು, ನಡುವೆ ಗದ್ದೆ. ಮಕ್ಕಳು ತಲೆ ತಗ್ಗಿಸಿ ಬರೆಯುತ್ತಿದ್ದರು. ಆಗ ಗಿರಣಿ ಕೇಳಿಸಿತು. ವರಾಂಡದಲ್ಲಿದ್ದ ಕೊಂಕಣಿ ಮಾತಿನ ಮುಖ್ಯೋಪಾಧ್ಯಾಯಿನಿಯನ್ನು ಕೇಳಿದೆ: "ಇಲ್ಲಿಗೂ ಬರ್ತೈತೇನ್ರಿ ಮೇಡಂ, ದಾಂಡೇಲಿ ಗಿರಣಿ ಸಪ್ಪಳ?"

ಅವರು ಕಾಡಿನ ಕಡೆ ನೋಡಿ, ನನ್ನ ಕಡೆ ನೋಡಿದರು. "ಇಲ್ಲಿಗೆ ದಾಂಡೇಲಿ ಬಸ್ಸೇ ಸರಿಯಾಗಿ ಬರೂದಿಲ್ಲ ಸರ್. ಸಪ್ಪಳ ಯಾವ ಬಸ್ಸಿಗೆ ಬರ್ತದೆ?"

ನಾನೂ ನಕ್ಕೆ. ನಗುತ್ತಿದ್ದಾಗಲೂ ಸದ್ದು ಇತ್ತು.

ಇನ್ನೊಂದು ದಿನ ಹಳಿಯಾಳದಿಂದ ಸ್ಕೂಟರಿನಲ್ಲಿ ಮರಳುತ್ತಿದ್ದೆ. ಊರು ದಾಟಿದ್ದು ನೆನಪಿದೆ. ಮುಂದಿನ ನೆನಪು, ನಮ್ಮ ಮನೆಯ ಗೇಟಿನೆದುರು ಸ್ಕೂಟರ್ ಸ್ಟ್ಯಾಂಡಿಗೆ ಹಾಕುತ್ತಿದ್ದದ್ದು. ನಡುವಿನ ರಸ್ತೆ ಇಲ್ಲ. ಆ ದಾರಿಯಲ್ಲಿ ತಿರುವುಗಳಿವೆ, ಲಾರಿಗಳು ಬರುತ್ತವೆ, ಒಮ್ಮೊಮ್ಮೆ ಕಾಡುಹಂದಿಗಳು ದಾಟುತ್ತವೆ. ಅಲ್ಲೆಲ್ಲ ಬ್ರೇಕು ಹಿಡಿದವರು ಯಾರು? ಸುಮಂಗಲಾ ಬಾಗಿಲಲ್ಲಿ ನಿಂತು, "ಯಾಕ್ರಿ, ಯಾರದರ ಮನೀಗೆ ಬಂದಂಗ ನಿಂತೀರಲ್ಲ" ಎಂದಳು. ನಾನು ಆಕೆಗೆ ಏನೂ ಹೇಳಲಿಲ್ಲ. ಹೇಳಿದೆ ಎಂದು ಬಹಳ ದಿನ ನಂಬಿದ್ದೆ, ಹೇಳಿರಲಿಲ್ಲವಂತೆ.

ಈಗ ಗಿರಣಿ ನಿಂತ ದಿನ.

ಬೆಳಿಗ್ಗೆಯೇ ಊರು ತಣ್ಣಗಿತ್ತು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಹಾಗೆ ಅನಿಸಿರಲಿಲ್ಲ. ಪಾಠದ ಹೊತ್ತಿಗೆ ಪಿಟೀಲಿನ ಪೆಟ್ಟಿಗೆ ಹಿಡಿದು ಮಾಸ್ತರರ ಮನೆಗೆ ಹೋದೆ. ಅವರು ಬನಿಯನ್‌ನಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಅವರ ಹೆಂಡತಿ ಗಂಗಕ್ಕ ಅವರೆಕಾಯಿ ಸುಲಿಯುತ್ತಿದ್ದರು. ಬೇರೆ ಯಾರೂ ಬಂದಿರಲಿಲ್ಲ.

"ಇವತ್ತ ಯಾಕ ಬಂದ್ರಿ ಸರ? ಗಿರಣಿ ಬಂದ್ ಐತಲ್ಲ" ಎಂದರು ಮಾಸ್ತರರು.

"ಎಲ್ಲಿ ಬಂದ್ ಐತ್ರಿ? ಕೇಳಾಕತ್ತೈತಲ್ಲ."

ಅವರು ಚೇಷ್ಟೆ ಎಂದುಕೊಂಡರು. "ಹಂಗಾರ ನಿಮ್ಮ ಗಿರಣಿಗೆ ತಂತಿ ಕೂಡಸ್ರಿ, ನೋಡೂಣು" ಎಂದು ಕಿಟಕಿ ತೆರೆದರು. ಆಚೆ ಏನೂ ಇರಲಿಲ್ಲ ಎಂದು ಅವರು ಆಮೇಲೆ ಹೇಳಿದರು. ಎಲ್ಲೋ ಒಂದು ಮಂಗಟ್ಟೆ ಹಕ್ಕಿ ಕೂಗಿತಂತೆ. ನಾನು ಬಿರಡೆ ತಿರುಗಿಸಿ ತಂತಿ ಕೂಡಿಸಿದೆ. ತೃಪ್ತಿಯಾಯಿತು. ಅಲ್ಲಿಗೆ ನನ್ನ ನೆನಪು ಮುಗಿಯುತ್ತದೆ.

ಮುಂದಿನದು ಗಂಗಕ್ಕ ಹೇಳಿದ್ದು. ಎಷ್ಟೋ ಸಲ ಕೇಳಿ ಕೇಳಿ ಈಗ ನನಗೇ ಕಾಣುವಂತಾಗಿದೆ, ಅದೂ ಅವರೆಕಾಯಿಯ ಮೊರದ ಹಿಂದಿನಿಂದ, ಅವರು ಕೂತಿದ್ದ ಜಾಗದಿಂದ. ನಾನು ಷಡ್ಜದ ಮೇಲೆ ಕಮಾನು ಎಳೆದೆನಂತೆ. ಮಾಸ್ತರರು ತಲೆದೂಗಿ, "ಅಡ್ಡಿ ಇಲ್ಲ, ನೆನಪಿಲೆ ಹಿಡದೀರಿ" ಎಂದರಂತೆ. ಆಮೇಲೆ ನನ್ನ ಕೈ ನಿಂತಿತು. ಕಣ್ಣು ತೆರೆದೇ ಇತ್ತು. ಬಾಯಿ ಏನನ್ನೋ ಚಪ್ಪರಿಸತೊಡಗಿತು. ಮಾಸ್ತರರು ಅಭ್ಯಾಸದಂತೆ ಕೈ ಎತ್ತಿದರು.

ಗಂಗಕ್ಕ ಅವರ ಕೈಯನ್ನು ಹಿಡಿದು ಕೆಳಗಿಳಿಸಿದರು. "ಸೂರ ಹತ್ತಿದವರು ಬಾಯಿ ಚಪ್ಪರಸ್ತಾರೇನು? ಸರ, ಏ ಸರ, ಇಲ್ಲಿ ನೋಡ್ರಿ. ಇದು ಸೂರ ಅಲ್ಲ ಬಿಡ್ರಿ. ನಮ್ಮ ತಂಗಿ ಮಗಳು ಹಿಂಗ ಕುಂತಿರ್ತಿದ್ಲು, ಆಮ್ಯಾಲೆ ನೋಡಿದ್ರ ಮೂರ್ಛಿ ರೋಗ ಅಂದ್ರು."

ನನಗೆ ಎಚ್ಚರವಾದಾಗ ಗಂಗಕ್ಕ ನನ್ನ ಎರಡೂ ಭುಜ ಹಿಡಿದಿದ್ದರು. ಮಾಸ್ತರರು ಗೋಡೆಗೆ ಒರಗಿ ನಿಂತಿದ್ದರು. ಅವರ ಮುಖದಲ್ಲಿ ಇದ್ದದ್ದು ಹೆದರಿಕೆ. ಆಗ ಅವರು ಹೇಳಿದ ಮಾತು ಇಂದಿಗೂ ನನ್ನ ಬೆನ್ನಿನ ಮೇಲೆ ಕೂತಿದೆ.

"ಹಂಗಾರ ಇಷ್ಟ ದಿನ ನಾ ಯಾರಿಗೆ ಕಲಸಿದೆ?"

ಊರಿನ ಡಾಕ್ಟರು ಹುಬ್ಬಳ್ಳಿಯ ನರರೋಗ ತಜ್ಞರಿಗೆ ಚೀಟಿ ಬರೆದುಕೊಟ್ಟು, ಮತ್ತೆ ಹಾಗಾದರೆ ಮೊಬೈಲಿನಲ್ಲಿ ವಿಡಿಯೋ ತೆಗೆಯಲು ಸುಮಂಗಲಾಗೆ ಹೇಳಿದರು. ಹುಬ್ಬಳ್ಳಿಗೆ ಹೋಗುವ ಮೊದಲೇ ಒಂದು ಭಾನುವಾರ ಆಕೆ ತೆಗೆದಳು. ನಾನು ಪಿಟೀಲು ನುಡಿಸುತ್ತಿದ್ದೆ. ಅಷ್ಟು ಚೆನ್ನಾಗಿ ನಾನು ಜೀವನದಲ್ಲಿ ನುಡಿಸಿರಲಿಲ್ಲ. ಸಾ, ಗಂಧಾರ, ಮಧ್ಯಮ, ಎಲ್ಲವೂ ಒಂದೇ ಬೆಳಕಿನಲ್ಲಿ ನಿಂತಿದ್ದವು. ಕಾಯಿಲೆಯ ಮಾತು ತಪ್ಪಿರಬೇಕು ಎಂದುಕೊಂಡೆ. ಇದು ಕಾಯಿಲೆಯಾದರೆ ಆರೋಗ್ಯ ಯಾವುದು?

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕಾಯುವ ಜಾಗ ಒಂದು ಉದ್ದನೆಯ ಓಣಿಯಂತಿತ್ತು. ಗೋಡೆಗುಂಟ ಕುರ್ಚಿಗಳು, ಕೊನೆಯಲ್ಲಿ ನಿಧಾನಕ್ಕೆ ತಿರುಗುವ ಫ್ಯಾನು. ತಲೆಗೆ ವೈರು ಅಂಟಿಸುವ ಪರೀಕ್ಷೆ ಮುಗಿಸಿ ಬಂದವರ ಕೂದಲಲ್ಲಿ ಬಿಳಿ ಅಂಟು ಉಳಿದಿರುತ್ತದೆ. ಅದನ್ನು ನೋಡಿ ನಾವು ಒಬ್ಬರನ್ನೊಬ್ಬರು ಗುರುತು ಹಿಡಿಯುತ್ತಿದ್ದೆವು. ನನ್ನ ಪಕ್ಕದಲ್ಲಿ ಮುಂಡಗೋಡ ಕಡೆಯ ಹಳ್ಳಿಯ ಹೆಂಗಸೊಬ್ಬಳಿದ್ದಳು. ಹೊಲದ ಕೆಲಸದವಳು, ಸೆರಗಿನ ತುದಿಯಿಂದ ಅಂಟು ಕೀಳುತ್ತಿದ್ದಳು.

"ಅಣ್ಣಾರ, ನಿಮಗ ಮೊದಲ ಏನಾಗ್ತೈತ್ರಿ?"

ಹೀಗೆ ನೇರವಾಗಿ ಯಾರೂ ಕೇಳಿರಲಿಲ್ಲ. "ಸಪ್ಪಳ ಕೇಳಸ್ತೈತಿ" ಎಂದೆ. "ಗಿರಣಿ ಸಪ್ಪಳ."

"ನನಗ ವಾಸನಿ. ಹಾಲು ಉಕ್ಕಿ ಒಲಿಯಾಗ ಸೀದಂಗ. ನಮ್ಮನಿಯಾಗ ಆಕಳ ಮಾರಿ ವರ್ಷ ಆತು, ಹಾಲು ಎಲ್ಲಿದು? ಓಡಿ ಹೋಗಿ ನೋಡ್ತೇನಿ, ಒಲಿ ತಣ್ಣಗಿರ್ತೈತಿ. ನಮ್ಮತ್ತಿ ಅಂತಾಳ, ಇಕಿ ಹಾಲಿಗೆ ಆಸೆ ಪಟ್ಟಾಳ ಅಂತ." ಆಕೆ ನಕ್ಕಳು. ಸುಮಂಗಲಾನೂ ನಕ್ಕಳು. ಆ ತಿಂಗಳಲ್ಲಿ ಆಕೆ ನಕ್ಕದ್ದು ನನಗೆ ನೆನಪಿರುವಂತೆ ಅದೊಂದೇ ಸಲ.

"ಹೆದರಿಕಿ ಬರ್ತೈತೇನ್ರಿ ನಿಮಗ?" ಎಂದು ಆ ಹೆಂಗಸು ಮತ್ತೆ ಕೇಳಿದಳು.

"ಇಲ್ಲ. ಛಲೋ ಅನಸ್ತೈತಿ."

ಆಕೆ ನಗು ನಿಲ್ಲಿಸಿ ಸೆರಗಿನ ತುದಿಯನ್ನು ಮಡಿಲಿಗೆ ಬಿಟ್ಟಳು. "ಅದ ಕಷ್ಟ ನೋಡ್ರಿ" ಎಂದಳು.

ಡಾಕ್ಟರು ನನಗಿಂತ ಚಿಕ್ಕವರು, ನಿಧಾನವಾಗಿ ಮಾತಾಡುವವರು. ಸುಮಂಗಲಾ ಅವರಿಗೆ ವಿಡಿಯೋ ಕೊಟ್ಟಳು. ನಾನು ಅದನ್ನು ಅದೇ ಮೊದಲ ಸಲ ನೋಡಿದ್ದು. ನಮ್ಮ ಕೋಣೆ. ನಾನು ಚಾಪೆಯ ಮೇಲೆ. ಕಮಾನು ಹೋಗುತ್ತಿದೆ, ಬರುತ್ತಿದೆ. ಕುಕ್ಕರಿನ ಸೀಟಿ ಕೇಳಿಸಿತು, ಬೀದಿಯಲ್ಲಿ ನಾಯಿ ಬೊಗಳಿತು. ಸುಮಂಗಲಾಳ ದನಿ, "ರೀ, ಇಲ್ಲಿ ನೋಡ್ರಿ. ರೀ."

"ಸೌಂಡ್ ಜಾಸ್ತಿ ಮಾಡು" ಎಂದೆ.

"ಪೂರ್ತಿ ಜಾಸ್ತಿನ ಐತ್ರಿ" ಎಂದಳು. ಆಕೆ ನನ್ನ ಕಡೆ ನೋಡಲಿಲ್ಲ.

ಕಮಾನು ತಂತಿಗೆ ತಾಗಿರಲಿಲ್ಲ. ಒಂದು ಬೆರಳಿನಷ್ಟು ಮೇಲೆ, ಗಾಳಿಯಲ್ಲಿ, ಹದವಾಗಿ ಹೋಗಿ ಬರುತ್ತಿತ್ತು. ಎಡಗೈ ಬೆರಳುಗಳು ತಂತಿಯ ಮೇಲೆ ಜಾಗ ಬದಲಿಸುತ್ತಿದ್ದವು. ಸದ್ದಿಲ್ಲ. ಮುಖದ ಮೇಲೆ ನಗು ಇತ್ತು, ಅದು ಸುಮಂಗಲಾಳ ಕಡೆಗಲ್ಲ. ಮೊಬೈಲಿನ ಪಕ್ಕದಲ್ಲಿ ಯಾರೋ ಬಂದು ನಿಂತಂತೆ, ಅವರನ್ನು ಕೂತುಕೊಳ್ಳಿ ಎನ್ನುವಂತೆ ನಾನು ನಗುತ್ತಿದ್ದೆ.

ಡಾಕ್ಟರು ವಿಡಿಯೋ ನಿಲ್ಲಿಸಿದರು. ಮಿದುಳಿನಲ್ಲಿ ಕಿವಿಗೆ ಸಂಬಂಧಿಸಿದ ಭಾಗದಲ್ಲಿ ಹುಟ್ಟುವ ಮೂರ್ಛೆ ಇದು, ಗುಳಿಗೆಗೆ ಬಗ್ಗುತ್ತದೆ ಎಂದರು. ಸ್ಕೂಟರ್ ಓಡಿಸಬೇಡಿ, ಒಬ್ಬರೇ ನದಿಗೆ ಇಳಿಯಬೇಡಿ, ನಿದ್ದೆಗೆಡಬೇಡಿ. ಅನುಮಾನ ಬಂದಾಗ ಮನೆಯವರು ಏನಾದರೂ ಪ್ರಶ್ನೆ ಕೇಳಲಿ, ಉತ್ತರ ಬಂದರೆ ಚಿಂತೆಯಿಲ್ಲ. ಆಮೇಲೆ ನನ್ನನ್ನು ಕೇಳಿದರು: "ಆ ಹೊತ್ತಿನಲ್ಲಿ ಎಲ್ಲ ತಿಳಿಯುತ್ತದೆ ಎಂದಿರಿ. ಏನು ತಿಳಿಯಿತು, ಹೇಳಬಲ್ಲಿರಾ?"

ಏನು ಎಂಬುದು ಹೋಗಿತ್ತು. ತಿಳಿದಿತ್ತು ಎಂಬುದಷ್ಟೇ ಉಳಿದಿತ್ತು.

"ಆದರೆ ಮೊದಲ ದಿನ ಗಂಧಾರ ಸರಿಯಾಗಿ ಬಂದಿತ್ತು" ಎಂದೆ. "ಮಾಸ್ತರರು ಕೇಳಿದ್ದಾರೆ."

"ಬಂದಿರಬಹುದು. ಸ್ವರ ಸಿಕ್ಕ ಮೇಲೆ ಮೂರ್ಛೆ ಬಂದಿರಬಹುದು. ನಿಮ್ಮ ಕಲಿಕೆ ಎಲ್ಲಿಗೆ ನಿಂತಿತು, ಅದು ಎಲ್ಲಿಂದ ಶುರುವಾಯಿತು ಎಂದು ನಾನು ಹೇಳಲಾರೆ."

ಯಾರು ಹೇಳಬಲ್ಲರು ಎಂದು ಕೇಳಬೇಕೆನಿಸಿತು. ನನಗೆ ಬೇಕಾಗಿದ್ದದ್ದು ಅದೊಂದೇ: ನನಗೆ ಸಂಗೀತ ಸ್ವಲ್ಪವಾದರೂ ಬಂದಿತ್ತೇ, ಇಲ್ಲವೇ?

ಗುಳಿಗೆ ಶುರುವಾಯಿತು. ಮೊದಲ ವಾರಗಳಲ್ಲಿ ಹತ್ತಿಯೊಳಗೆ ನಡೆದಂತಿತ್ತು. ಶಾಲೆಗೆ ಸುಮಂಗಲಾನೇ ಸ್ಕೂಟರಿನಲ್ಲಿ ಬಿಟ್ಟು ಬರುತ್ತಿದ್ದಳು. "ಸರ್, ಡ್ರೈವರ್ ಬದ್ಲಿ ಮಾಡೀರೇನು, ಮೊದಲಿನವನಕಿಂತ ಛಲೋ ಓಡಸ್ತಾರ ಬಿಡ್ರಿ" ಎಂದು ಇಸ್ಮಾಯಿಲ್ ದಾರಿಯಲ್ಲಿ ನಿಂತು ಕೂಗುತ್ತಿದ್ದ. ಅವನ ಮಟ್ಟಿಗೆ ನಾನು ಮೊದಲಿನವನೇ. ಅದು ಎಷ್ಟು ದೊಡ್ಡ ಉಪಕಾರ ಎಂದು ಅವನಿಗೆ ಗೊತ್ತಿಲ್ಲ.

ಎಡಗಿವಿಯ ಹಿಂದಿನ ಸದ್ದು ಹೋಯಿತು. ಜೊತೆಗೆ ಕೋಣೆಯ ವಸ್ತುಗಳೂ ಸಡಿಲವಾದವು. ಹಂಡೆ ಎಲ್ಲಿದ್ದರೂ ಆಗುತ್ತಿತ್ತು, ಕ್ಯಾಲೆಂಡರು ಇರದಿದ್ದರೂ ಆಗುತ್ತಿತ್ತು. ಮಾಸ್ತರರ ಮನೆಗೆ ಮತ್ತೆ ಹೋದೆ. ಕಿಟಕಿ ತೆರೆದಿತ್ತು, ಗಿರಣಿ ನಡೆಯುತ್ತಿತ್ತು. ನನಗೆ ಷಡ್ಜ ಕೂಡಿಸಲು ಬರಲಿಲ್ಲ. ಬಿರಡೆ ತಿರುಗಿಸಿದೆ, ಮತ್ತೆ ತಿರುಗಿಸಿದೆ. ಕೊನೆಗೆ ಮಾಸ್ತರರೇ ಪಿಟೀಲು ಇಸಿದುಕೊಂಡು ಕೂಡಿಸಿಕೊಟ್ಟರು. ಗಂಧಾರ ಹೇಳಿದರು. ನನ್ನ ಬೆರಳು ಎಲ್ಲೋ ಬಿತ್ತು. ಮೊದಲ ತಿಂಗಳ ಶಿಷ್ಯನಿಗಿಂತ ಕಡೆ.

ಮನೆಗೆ ಬಂದು ಸಂಜೆಯ ಗುಳಿಗೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂತೆ. ಇದನ್ನು ಓದುವ ನನ್ನಂಥ ಕಾಯಿಲೆಯವರಿಗೆ ಆ ಕೂತುಕೊಳ್ಳುವುದು ಗೊತ್ತಿರುತ್ತದೆ. ನುಂಗದಿದ್ದರೆ ಅವನು ಬರುತ್ತಾನೆ, ಆ ಗಳಿಗೆಗಳಲ್ಲಿ ನನ್ನೊಳಗೆ ಕೂತು ನುಡಿಸುತ್ತಿದ್ದ, ಎಲ್ಲ ಬಲ್ಲವನು.

ಸುಮಂಗಲಾ ಬಂದು ಎದುರಿಗೆ ಕೂತಳು. ನುಂಗಿ ಎನ್ನಲಿಲ್ಲ. "ನಿಮಗ ಏನ ತಿಳೀತಿತ್ತೋ ನನಗ ಗೊತ್ತಿಲ್ಲ" ಎಂದಳು. "ನಾ ಕರದದ್ದು ನಿಮಗ ಕೇಳತಿರಲಿಲ್ಲ. ಅಷ್ಟ ನನಗ ಗೊತ್ತು. ಎಲ್ಲಾ ತಿಳಿದವರಿಗೆ ಹೆಂಡ್ತಿ ದನಿ ಹೆಂಗ ಕೇಳಂಗಿಲ್ಲ?"

ನುಂಗಿದೆ. ಒಪ್ಪಿ ನುಂಗಿದೆ ಎಂದು ಹೇಳಲಾರೆ.

ಮಳೆಗಾಲ ಕಳೆಯಿತು. ಗುಳಿಗೆಯ ಅಳತೆ ಹೊಂದಿತು, ಹತ್ತಿ ಕರಗಿತು. ದಿನವೂ ಸ್ವಲ್ಪ ಹೊತ್ತು ನುಡಿಸುತ್ತಿದ್ದೆ, ಹಟಕ್ಕೆ. ಡಾಕ್ಟರು ಹೇಳಿದ ಪ್ರಶ್ನೆಗಳನ್ನು ಸುಮಂಗಲಾ ತನ್ನದೇ ರೀತಿಯಲ್ಲಿ ಕೇಳುತ್ತಿದ್ದಳು. ನಾನು ಕಮಾನು ಎಳೆಯುತ್ತಿದ್ದಾಗ ಅಡುಗೆಮನೆಯಿಂದ, "ನಮ್ಮ ಲಗ್ನದಾಗ ನಿಮ್ಮ ಕಾಕಾ ಊಟ ಬಿಟ್ಟು ಯಾಕ ಎದ್ದ?" ಎನ್ನುವಳು. "ಹೋಳಿಗಿ ತಣ್ಣಗಿತ್ತಂತ." "ಸುಳ್ಳ. ನಿಮ್ಮವ್ವನ ಮ್ಯಾಲಿನ ಸಿಟ್ಟಿಗೆ." ತಪ್ಪಾದರೂ ಉತ್ತರ ಬಂತಲ್ಲ ಎಂದು ಮತ್ತೆ ರೊಟ್ಟಿ ಬಡಿಯುವ ಸದ್ದು ಶುರುವಾಗುತ್ತಿತ್ತು.

ಹಾಗೆ ಒಂದು ಮಧ್ಯಾಹ್ನ. ಬೆರಳು ಷಡ್ಜದಿಂದ ಎದ್ದು ಗಂಧಾರಕ್ಕೆ ಹೋಯಿತು. ಇದ್ದಕ್ಕಿದ್ದಂತೆ ಅದು ಅಲ್ಲಿತ್ತು. ಮೇಲಿನ ಮಧ್ಯಮದ ಕಡೆ ಸ್ವಲ್ಪ ವಾಲಿದಂತೆ, ಆದರೂ ಹೋಗದೆ. ಇಷ್ಟು ದಿನ ನಾನು ಅದನ್ನು ಒಂದು ಚುಕ್ಕೆಯಂತೆ ಹುಡುಕುತ್ತಿದ್ದೆ. ಅದು ವಾಲಿ ನಿಂತ ಸ್ವರ ಎಂದು ಹೊಳೆಯಿತು.

ಬಂದನೇ ಅವನು? ಎಡಗಿವಿಯ ಹಿಂದೆ ಕಾದೆ. ಏನಿಲ್ಲ. ಅಥವಾ ಈ ಸಲ ಸದ್ದಿಲ್ಲದೆ ಬಂದಿದ್ದರೆ? ಕಮಾನು ತಂತಿಗೆ ತಾಗಿದೆಯೇ ಎಂದು ನೋಡಿದೆ. ತಾಗಿತ್ತು, ಆದರೆ ನೋಡುತ್ತಿರುವ ಕಣ್ಣನ್ನು ನಂಬುವುದು ಹೇಗೆ? ಅಡುಗೆಮನೆಯಿಂದ ಪ್ರಶ್ನೆ ಬರಲಿಲ್ಲ. ರೊಟ್ಟಿಯ ಸದ್ದೂ ಇರಲಿಲ್ಲ.

"ಸುಮಾ" ಎಂದು ಕರೆದೆ. "ಏನರ ಕೇಳ."

"ಕೇಳೂದಿಲ್ಲ." ದನಿ ಹಿಂದಿನಿಂದಲೇ ಬಂತು. ಆಕೆ ಬಾಗಿಲಲ್ಲಿ ನಿಂತಿದ್ದಳು, ಕೈಯೆಲ್ಲ ಹಿಟ್ಟು. "ಇನ್ನೊಮ್ಮೆ ಬಾರಸ್ರಿ."

ಬಾರಿಸಿದೆ. ಈ ಸಲ ಅಷ್ಟು ಸರಿಯಾಗಲಿಲ್ಲ. ಗಂಧಾರ ಕೂದಲೆಳೆಯಷ್ಟು ಕೆಳಗಿತ್ತು. ಕೆಳಗಿದೆ ಎಂದು ನನಗೆ ಕೇಳಿಸಿತು. ಆ ಎಲ್ಲ ತಿಳಿದ ಗಳಿಗೆಗಳಲ್ಲಿ ಒಮ್ಮೆಯೂ ಯಾವುದೂ ತಪ್ಪಿರಲಿಲ್ಲ. ಗಾಳಿಯಲ್ಲಿ ಕಮಾನು ಎಳೆದಾಗ ಸ್ವರ ಕೆಳಗಾಗುವುದು ಹೇಗೆ?

"ಕೆಳಗಾತು" ಎಂದೆ.

"ನನಗೇನ ತಿಳೀತೈತಿ?" ಎಂದಳು. "ಸರಿ ಮಾಡ್ರಿ."

ಬೆರಳನ್ನು ತುಸು ಮುಂದೆ ಸರಿಸಿದೆ.

ಇಲ್ಲಿಯವರೆಗೆ ಬರೆದದ್ದನ್ನು ಸುಮಂಗಲಾಗೆ ಓದಲು ಕೊಟ್ಟೆ. ಸುಮ್ಮನೆ ಓದಿದಳು, ಕೊನೆಗೆ ಬಂದು ತಡೆದಳು.

"ನಾ ನಿಂತಿದ್ದಿಲ್ಲ, ಹೊಸ್ತಿಲ ಮ್ಯಾಲೆ ಕುಂತಿದ್ದೆ. ಮತ್ತ ನೀವು ಬೆರಳ ಸರಸಿದ್ದು ಒಂದ ಸಲ ಅಲ್ಲ. ಸಂಜೀಮಟ ಸರಸಾಕತ್ತಿದ್ರಿ. ಕೇಳಿ ಕೇಳಿ ನನಗ ತಲಿ ನೋವು ಬಂದಿತ್ತು."